ಹೊಳೆ ಬರುವ ಮೊದಲೇ ಹೆಣ್ಣುಮಕ್ಕಳ ರಕ್ಷಣೆಗೂ ತಯಾರಿ ಆಗಲಿ

ಮಾನ್ಯ ಸಂಪಾದಕರೇ,

ಮುಂಗಾರು ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬರುತ್ತದೆ. ಪ್ರವಾಹ ಎದುರಿಸಲು ಅಧಿಕಾರಿಗಳ ಸಭೆ. ಎಷ್ಟು ಬೋಟು, ಎಷ್ಟು ಲೈಫ್ ಜಾಕೆಟ್, ಎಷ್ಟು ಟನ್ ಮೇವು, ಯಾವ ಶಾಲೆಯಲ್ಲಿ ನೆರೆ ಸಂತ್ರಸ್ತರು ಉಳಿಯುವ ಕಾಳಜಿ ಕೇಂದ್ರ, ಯಾವ ಹಳ್ಳಿಗೆ ಯಾರು ನೋಡಲ್ ಅಧಿಕಾರಿ, ಎಲ್ಲ ಇರುತ್ತದೆ. ಹಾವು ಕಚ್ಚಿದರೆ ಕೊಡುವ ಇಂಜೆಕ್ಷನ್ ಸಾಕಷ್ಟು ಇಟ್ಟುಕೊಳ್ಳಿ ಎಂದು ಆರೋಗ್ಯ ಇಲಾಖೆಗೆ ಹೇಳಿದ್ದೂ ಇರುತ್ತದೆ. ಓದಿ ಸಮಾಧಾನ ಆಗುತ್ತದೆ. ಆದರೆ ಕಾಳಜಿ ಕೇಂದ್ರದಲ್ಲಿ ರಾತ್ರಿ ಒಬ್ಬ ಹೆಣ್ಣುಮಗಳ ಮೈಮೇಲೆ ಯಾರಾದರೂ ಕೈ ಹಾಕಿದರೆ ಅವಳು ಯಾರ ಹತ್ತಿರ ಹೋಗಬೇಕು? ಅವಳಿಗೆ ಬೇಕಾದ ಔಷಧಿ ಯಾವ ಆಸ್ಪತ್ರೆಯಲ್ಲಿದೆ? ರಸ್ತೆ ಬಂದ್ ಆಗಿದ್ದರೆ ಅವಳನ್ನು ಯಾವ ದಾರಿಯಲ್ಲಿ ಕರೆದೊಯ್ಯಬೇಕು? ಇದರ ಬಗ್ಗೆ ಒಂದು ಸಾಲೂ ನಾನು ಆ ಸುದ್ದಿಗಳಲ್ಲಿ ಓದಿಲ್ಲ. ಆ ಸಾಲು ಈ ವರ್ಷದ ಸಭೆಯಲ್ಲಾದರೂ ಸೇರಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಬಾದಾಮಿ ತಾಲ್ಲೂಕಿನ ಮಲಪ್ರಭಾ ದಂಡೆಯ ಹಳ್ಳಿಗಳಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಊರವರ ಬಾಯಲ್ಲಿ ಸಿಸ್ಟರ್. 2009ರ ನೆರೆಯನ್ನೂ ನೋಡಿದ್ದೇನೆ, 2019ರ ನೆರೆಯನ್ನೂ ನೋಡಿದ್ದೇನೆ. 2009ರಲ್ಲಿ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜೀವ ತೆಗೆಯಿತು. 2019ರ ಆಗಸ್ಟ್‌ನಲ್ಲಿ ನಮ್ಮ ಕಡೆ ಮಳೆಗಿಂತ ಡ್ಯಾಮಿನ ನೀರಿನ ಕಾಟವೇ ಜಾಸ್ತಿ. ಘಟ್ಟದ ಮೇಲೆ ಮಳೆ ಸುರಿದು ನವಿಲುತೀರ್ಥ ಡ್ಯಾಮು ತುಂಬಿತು, ಗೇಟು ತೆಗೆದರು, ಹೊಳೆ ಊರೊಳಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತ ಫೋಟೊ ಎಲ್ಲರೂ ನೋಡಿದ್ದೀರಿ. ಕೊಣ್ಣೂರು, ಗೋವನಕೊಪ್ಪದ ಹತ್ತಿರ ಹುಬ್ಬಳ್ಳಿ–ಸೊಲ್ಲಾಪುರ ರಸ್ತೆಯೇ ಬಂದ್ ಆಯಿತು. ಆ ವರ್ಷ ಸರ್ಕಾರ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತ ಎಂದು ಘೋಷಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀರಿನಿಂದ ಜನರನ್ನು ಎತ್ತಿ ತರುವುದರಲ್ಲಿ ನಮ್ಮ ಊರಿನ ಹುಡುಗರನ್ನು ಮೀರಿಸುವವರಿಲ್ಲ. ಎದೆಮಟ್ಟದ ನೀರಿನಲ್ಲಿ ಮುದುಕರನ್ನು ಹೆಗಲ ಮೇಲೆ ಹೊತ್ತು ತಂದವರನ್ನು ಕಣ್ಣಾರೆ ಕಂಡಿದ್ದೇನೆ. ಆಜೂಬಾಜೂ ಊರಿನವರು ರಾತ್ರೋರಾತ್ರಿ ಸಾವಿರಗಟ್ಟಲೆ ರೊಟ್ಟಿ ಬಡಿದು ಟ್ರ್ಯಾಕ್ಟರ್‌ನಲ್ಲಿ ಕಳಿಸಿದ್ದಾರೆ. ಅಂಥ ಜನರ ನಡುವೆಯೂ ನಾನು ಮುಂದೆ ಹೇಳುವುದೆಲ್ಲ ನಡೆದಿದೆ. ಎರಡೂ ನಿಜ. ಒಂದನ್ನು ಹೇಳಿದರೆ ಇನ್ನೊಂದು ಸುಳ್ಳಾಗುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಕೇಂದ್ರದ ಮಾತು ಹೇಳುತ್ತೇನೆ. ಊರು ಯಾವುದು, ಯಾವ ವರ್ಷ ಎಂದು ಬೇಕಂತಲೇ ಹೇಳುವುದಿಲ್ಲ. ಅದೊಂದು ಸರ್ಕಾರಿ ಶಾಲೆ. ನಾಲ್ಕೈದು ಕೋಣೆ, ಉದ್ದಕ್ಕೆ ಪಡಸಾಲೆ, ಪಕ್ಕದಲ್ಲಿ ಬಿಸಿಯೂಟದ ಅಡುಗೆಮನೆ, ಹಿಂದುಗಡೆ ಎರಡು ಶೌಚಾಲಯ. ಅವು ಸಣ್ಣ ಮಕ್ಕಳಿಗಾಗಿ ಕಟ್ಟಿದ್ದು. ಗೋಡೆ ಗಿಡ್ಡ, ಬಾಗಿಲು ಮೊಣಕಾಲಿಗಿಂತ ಮೇಲೇ ಮುಗಿಯುತ್ತದೆ. ಬೀಗ ಹಾಕಿತ್ತು. ಕೀಲಿಕೈ ಇದ್ದ ಮಾಸ್ತರರು ಹೊಳೆಯ ಆಚೆ ಊರಲ್ಲಿ ಸಿಕ್ಕಿಬಿದ್ದಿದ್ದರು. ಕೊನೆಗೆ ಕಲ್ಲಿನಿಂದ ಬೀಗ ಒಡೆದರು. ಒಡೆಯುವಾಗ ಚಿಲಕವೂ ಕಿತ್ತು ಬಂತು. ಆಮೇಲೆ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಎಳೆದು ಹಿಡಿದು ನಿಲ್ಲಬೇಕು. ಮೂರನೆಯವಳು ಸೀರೆ ಸೆರಗು ಅಡ್ಡ ಹಿಡಿಯಬೇಕು. ಇಡೀ ಊರಿಗೆ ಊರೇ ಅಲ್ಲಿದ್ದಾಗ ಆ ಎರಡು ಶೌಚಾಲಯ ಎಷ್ಟು ದಿನ ಬಾಳಿಕೆ ಬಂದಾವು? ಗುಂಡಿ ತುಂಬಿತು. ಹೆಂಗಸರು ರಸ್ತೆಯಾಚೆಯ ಜಾಲಿಕಂಟಿಗಳ ಕಡೆ ಹೋಗಲು ಶುರು ಮಾಡಿದರು, ಅದೂ ಕತ್ತಲಾದ ಮೇಲೆ.

ಹಗಲೆಲ್ಲ ತಡೆದುಕೊಳ್ಳಬೇಕಲ್ಲ, ಅದಕ್ಕೆ ನೀರು ಕುಡಿಯುವುದನ್ನೇ ಬಿಟ್ಟರು. ಒಬ್ಬ ಬಾಣಂತಿ ಕಾಲುನೋವು, ತಲೆ ತಿರುಗುತ್ತದೆ ಎಂದು ಬಂದಳು. ತುಟಿ ಒಣಗಿತ್ತು, ಕೂಸು ಹಾಲು ಸಾಲದೆ ಅಳುತ್ತಿತ್ತು. ನೀರು ಯಾಕೆ ಕುಡಿಯುತ್ತಿಲ್ಲ ಅಂತ ಕೇಳಿದರೆ ತಲೆ ತಗ್ಗಿಸಿ ಹೇಳಿದಳು: ‘ನೀರ ಕುಡದ್ರ ಹೊರಗ ಹೋಗಬೇಕಾಕ್ಕೈತ್ರಿ ಸಿಸ್ಟರ್. ಹೊರಗ ಹೋದ್ರ ಗಂಡಸ್ರು ಟಾರ್ಚ್ ಬಿಡತಾರ್ರಿ.’ ಉರಿಮೂತ್ರ, ಜ್ವರ ಎಂದು ನನ್ನ ಹತ್ತಿರ ಬಂದವರಲ್ಲಿ ಜಾಸ್ತಿ ಜನ ಹೆಂಗಸರೇ. ಮಾತ್ರೆ ಕೊಟ್ಟೆ. ಆದರೆ ಆ ರೋಗಕ್ಕೆ ಬೇಕಿದ್ದ ನಿಜವಾದ ಔಷಧಿ ಒಂದು ಚಿಲಕ, ಒಂದು ದೀಪ ಮತ್ತು ಬಾಗಿಲಿರುವ ಇನ್ನಷ್ಟು ಶೌಚಾಲಯ.

ಇದು ನನ್ನ ಸ್ವಂತ ಬೇಡಿಕೆ ಅಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಪರಿಹಾರ ಕೇಂದ್ರಗಳಿಗೆ ಕನಿಷ್ಠ ಮಾನದಂಡ ಹೊರಡಿಸಿದೆ. ತಲೆಗೆ ಮೂರೂವರೆ ಚದರ ಮೀಟರ್ ಜಾಗ ಇರಬೇಕು. 30 ಜನಕ್ಕೆ ಒಂದು ಶೌಚಾಲಯ ಇರಬೇಕು, ಅದು ಕೇಂದ್ರದಿಂದ 50 ಮೀಟರ್‌ಗಿಂತ ದೂರ ಇರಬಾರದು. ಹೆಂಗಸರಿಗೆ, ಮಕ್ಕಳಿಗೆ ಶೌಚಾಲಯ ಮತ್ತು ಸ್ನಾನದ ಜಾಗ ಬೇರೆ ಇರಬೇಕು. ಮುಟ್ಟಿನ ಪ್ಯಾಡ್ ಕೊಡಬೇಕು. ಅಂದರೆ ಮುನ್ನೂರು ಜನ ಇರುವ ಕೇಂದ್ರಕ್ಕೆ ಹತ್ತು ಶೌಚಾಲಯ. ನಿಮ್ಮ ಊರಿನ ಶಾಲೆಯಲ್ಲಿ ಎಷ್ಟಿವೆ ಎಂದು ಓದುಗರೇ ಹೋಗಿ ಎಣಿಸಬಹುದು. ಅದೇ ಕಾಯ್ದೆಯ ಪ್ರಕಾರ ಜಿಲ್ಲೆಯ ವಿಪತ್ತು ನಿರ್ವಹಣಾ ಯೋಜನೆಯನ್ನು ಪ್ರತಿ ವರ್ಷ ಮತ್ತೆ ನೋಡಿ ಸರಿಪಡಿಸಬೇಕು. ಹಾಗಾಗಿ ಇದು ಯಾರೋ ಕರುಣೆಯಿಂದ ಮಾಡಬೇಕಾದ ಕೆಲಸ ಅಲ್ಲ, ಕಾನೂನು ಹೇಳಿದ ಕೆಲಸ.

ಇನ್ನು ರಾತ್ರಿಯ ವಿಷಯ. ನೆರೆ ಬಂದರೆ ಮೊದಲು ಹೋಗುವುದು ಕರೆಂಟು. ಕೋಣೆಗಳಲ್ಲಿ ಜಾಗ ಸಾಲದೆ ಹೆಂಗಸರು, ಮಕ್ಕಳು ಪಡಸಾಲೆಯಲ್ಲಿ ಮಲಗಿದ್ದರು. ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಒಂದೂ ಗೊತ್ತಾಗುತ್ತಿರಲಿಲ್ಲ. ಬ್ಲಾಂಕೆಟ್ ಹಂಚಲು ಬಂದವರು, ನೋಡಲು ಬಂದವರು, ಮೊಬೈಲಿನಲ್ಲಿ ವಿಡಿಯೊ ಮಾಡಲು ಬಂದವರು. ಮಲಗಿದ್ದ ಹೆಣ್ಣುಮಕ್ಕಳ ಫೋಟೊ ಬೆಳಗಾಗುವಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿತ್ತು. ಒಂದು ಬೆಳಗ್ಗೆ ಒಬ್ಬ ತಾಯಿ ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದೊಯ್ದಳು. ಪಕ್ಕದಲ್ಲಿ ಮಗಳು, ಮದುವೆ ಗೊತ್ತಾಗಿದ್ದ ವಯಸ್ಸಿಗೆ ಬಂದ ಹುಡುಗಿ. ರಾತ್ರಿ ಕತ್ತಲಲ್ಲಿ ಯಾರೋ ಅವಳ ಬಾಯಿ ಮುಚ್ಚಿ ಎಳೆದಿದ್ದರು. ಅವಳು ಹೇಗೋ ಬಿಡಿಸಿಕೊಂಡು ಬಂದಿದ್ದಳು. ಕೈ ಮೇಲೆ ಉಗುರಿನ ಗಾಯ. ಹುಡುಗಿ ಒಂದು ಮಾತೂ ಆಡಲಿಲ್ಲ. ತಾಯಿ ಮಾತ್ರ ನನ್ನ ಎರಡೂ ಕೈ ಹಿಡಿದು ‘ಯಾರಿಗೂ ಹೇಳಬ್ಯಾಡ್ರಿ, ಗಂಡಿನ ಮನೀಗೆ ಗೊತ್ತಾದ್ರ ಮುರದ ಹೊಕ್ಕೈತಿ’ ಎಂದು ಅಂಗಲಾಚಿದಳು.

ಗಾಯ ತೊಳೆದು ಔಷಧಿ ಹಚ್ಚಿದೆ. ಆ ರಾತ್ರಿಯಿಂದ ಹುಡುಗಿ ನಾಲ್ಕು ಹಿರಿಯ ಹೆಂಗಸರ ನಡುವೆ ಮಲಗುವಂತೆ ಮಾಡಿದೆವು. ಹೆಸರು ಹೇಳದೆ, ಕೇಂದ್ರದ ಉಸ್ತುವಾರಿ ಇದ್ದ ಅಧಿಕಾರಿಗೆ ರಾತ್ರಿ ಕಾವಲು ಬೇಕು, ದೀಪ ಬೇಕು ಅಂತ ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಮೂರು ದಿನದಿಂದ ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಅವರು ಹೇಳಿದ್ದು ಇಷ್ಟೇ: ‘ಕಂಪ್ಲೇಂಟ್ ಏನೂ ಬಂದಿಲ್ಲವಲ್ಲ ಸಿಸ್ಟರ್.’

ಈ ಮಾತೇ ಎಲ್ಲಕ್ಕೂ ಅಡ್ಡಗಾಲು. ಕಂಪ್ಲೇಂಟ್ ಎಲ್ಲಿಂದ ಬರಬೇಕು? ಮನೆ ನೀರಲ್ಲಿದೆ. ಉಟ್ಟ ಸೀರೆ ಒಂದೇ. ಮೊಬೈಲ್ ನೆನೆದು ಸತ್ತಿದೆ. ಚಾರ್ಜ್ ಆಗಿರುವ ಮೊಬೈಲ್ ಗಂಡನ ಹತ್ತಿರವೋ ಮೈದುನನ ಹತ್ತಿರವೋ ಇದೆ. ಠಾಣೆ ಹೊಳೆಯ ಆಚೆ ಇದೆ. ಕೈ ಹಾಕಿದವನು ಊಟಕ್ಕೆ ಅದೇ ಸಾಲಿನಲ್ಲಿ ಕೂರುತ್ತಾನೆ. ಇಷ್ಟೆಲ್ಲ ದಾಟಿ ಒಬ್ಬಳು ಬಂದು ಲಿಖಿತ ದೂರು ಕೊಟ್ಟರೆ ಮಾತ್ರ ನಡೆದಿದೆ, ಇಲ್ಲದಿದ್ದರೆ ಏನೂ ನಡೆದಿಲ್ಲ ಅಂದರೆ ಹೇಗೆ?

ನಮ್ಮ ಇಲಾಖೆಯಲ್ಲಿ ನೆರೆ ಇಳಿದ ಕೂಡಲೇ ಬಾವಿಗೆ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ವಾಂತಿಭೇದಿ ಕೇಸು ಬಂದಿದೆಯಾ ಅಂತ ಯಾರೂ ಕೇಳುವುದಿಲ್ಲ. ಬಂದೇ ಬರುತ್ತದೆ ಎಂದು ಗೊತ್ತಿದೆ, ಅದಕ್ಕೆ ಮೊದಲೇ ಹಾಕುತ್ತೇವೆ. ಇದಕ್ಕೂ ಅದೇ ಲೆಕ್ಕ ಹಿಡಿಯಬೇಕು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಮತ್ತು ಜಗತ್ತಿನ ದೊಡ್ಡ ನೆರವು ಸಂಸ್ಥೆಗಳು ಸೇರಿ 2005ರಲ್ಲಿ ಮಾಡಿ, 2015ರಲ್ಲಿ ತಿದ್ದಿ ಬರೆದ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಯುದ್ಧವಿರಲಿ, ಭೂಕಂಪವಿರಲಿ, ನೆರೆಯಿರಲಿ, ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದೇ ತಿಳಿದು ಮೊದಲ ದಿನದಿಂದ ಕೆಲಸ ಮಾಡಿ, ಅಂಕಿಅಂಶ ಸಿಗಲಿ ಎಂದು ಕಾಯಬೇಡಿ ಎನ್ನುತ್ತದೆ. ಈ ಮಾತನ್ನು ನಾನು ಒಂದು ತರಬೇತಿಯಲ್ಲಿ ಕೇಳಿದಾಗ ಆ ತಾಯಿ–ಮಗಳೇ ಕಣ್ಣಮುಂದೆ ಬಂದರು.

ಈಗ ನನ್ನ ವೃತ್ತಿಗೆ ಸೇರಿದ ಮಾತು. ಇದನ್ನು ದಯವಿಟ್ಟು ಎಲ್ಲರೂ ಗಮನವಿಟ್ಟು ಓದಿ. ಅತ್ಯಾಚಾರ ಆದವಳಿಗೆ ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ ಇದೆ. ನಮ್ಮಂಥ ಸಿಬ್ಬಂದಿಗೆ ಸೂಜಿ ಚುಚ್ಚಿಕೊಂಡರೆ ಕೊಡುವ ಮಾತ್ರೆಯೇ ಅದು. 72 ಗಂಟೆಯೊಳಗೆ ಶುರು ಮಾಡಿದರೆ ಮಾತ್ರ ಪ್ರಯೋಜನ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಆಮೇಲೆ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆಯೂ ಇದೆ. ಅದನ್ನೂ ಮೂರು ದಿನದೊಳಗೆ ಕೊಡುವುದೇ ಸರಿ, ತಡವಾದಷ್ಟೂ ಅದರ ಶಕ್ತಿ ಕಡಿಮೆ. ಈಗ ಯೋಚಿಸಿ. 2019ರಲ್ಲಿ ನಮ್ಮ ಕಡೆ ರಸ್ತೆಗಳು ದಿನಗಟ್ಟಲೆ ಬಂದ್ ಇದ್ದವು. ಮಾತ್ರೆ ಹೊಳೆಯ ಆಚೆ, ಹುಡುಗಿ ಈಚೆ. ನೀರು ಇಳಿಯಲಿ, ಆಮೇಲೆ ನೋಡೋಣ ಅಂದರೆ 72 ಗಂಟೆ ಮುಗಿದಿರುತ್ತದೆ. ಹಾವಿನ ಇಂಜೆಕ್ಷನ್ ಹೊಳೆಯ ಎರಡೂ ದಂಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಳೆಗಾಲಕ್ಕೆ ಮೊದಲೇ ಇರಬೇಕು ಎನ್ನುತ್ತೇವೆ. ಈ ಮಾತ್ರೆಗಳೂ ಹಾಗೇ ಇರಬೇಕು. ಬೀರುವಿನಲ್ಲಿ ಇದ್ದರೆ ಸಾಲದು. ಯಾವ ಬೀರು, ಕೀಲಿಕೈ ಯಾರ ಹತ್ತಿರ, ಎಕ್ಸ್‌ಪೈರಿ ಯಾವಾಗ ಎಂದು ಡ್ಯೂಟಿ ನರ್ಸ್‌ಗೆ ಗೊತ್ತಿರಬೇಕು.

ತುರ್ತು ಗರ್ಭನಿರೋಧಕ ಮಾತ್ರೆ ಆಶಾ ಕಾರ್ಯಕರ್ತೆಯ ಔಷಧಿ ಚೀಲದಲ್ಲೇ ಇರಬೇಕಾದ್ದು. ಆದರೆ ನೆರೆಯಲ್ಲಿ ಆಶಾಳ ಮನೆಯೂ ಮುಳುಗುತ್ತದೆ, ಅವಳ ಚೀಲವೂ ಹೋಗುತ್ತದೆ. ಅವಳೂ ಮಕ್ಕಳನ್ನು ಕಟ್ಟಿಕೊಂಡು ಅದೇ ಪಡಸಾಲೆಯಲ್ಲಿ ಕೂತಿರುತ್ತಾಳೆ. ಅಂಗನವಾಡಿ ಟೀಚರ್ ಕತೆಯೂ ಅದೇ. ನಮ್ಮ ಯೋಜನೆಗಳು ಇದನ್ನು ಮರೆತೇ ಬಿಡುತ್ತವೆ. ಎಲ್ಲ ಕೆಲಸವನ್ನೂ ಅವರ ಹೆಸರಿಗೆ ಬರೆದು ಕೈ ತೊಳೆದುಕೊಳ್ಳುತ್ತೇವೆ. ನೀರು ಬಾರದ ಪಕ್ಕದ ಹಳ್ಳಿಯ ಆಶಾ, ಅಂಗನವಾಡಿ ಟೀಚರ್‌ಗಳನ್ನು ಈಗಲೇ ಗೊತ್ತು ಮಾಡಿ, ಯಾವ ಕೇಂದ್ರಕ್ಕೆ ಯಾರು ಹೋಗಬೇಕು ಎಂದು ಬರೆದಿಡಬೇಕು.

ಚಿಕಿತ್ಸೆಗೆ ಪೊಲೀಸ್ ದೂರು ಬೇಕೇ ಬೇಕು ಎಂದು ಈಗಲೂ ಎಷ್ಟೋ ಜನ ನಂಬಿದ್ದಾರೆ. ಆಸ್ಪತ್ರೆಯವರೂ ಕೆಲವರು ಹಾಗೇ ಹೇಳಿ ವಾಪಸ್ ಕಳಿಸುತ್ತಾರೆ. ಅದು ತಪ್ಪು. ಅತ್ಯಾಚಾರಕ್ಕೆ ಒಳಗಾದವರು ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಗೆ ಹೋದರೂ ಮೊದಲು ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಇದು ಮೊದಲಿನ ಕಾನೂನಿನಲ್ಲೂ ಇತ್ತು, 2024ರ ಜುಲೈನಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಲ್ಲೂ ಇದೆ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ, ಅದಕ್ಕಾಗಿ ಚಿಕಿತ್ಸೆ ನಿಲ್ಲಬಾರದು. ವೈದ್ಯಕೀಯ ಪರೀಕ್ಷೆಗೆ ಅವಳ ಒಪ್ಪಿಗೆ ಬೇಕು. ಗುಪ್ತಾಂಗದೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಎಂಬ ಅವಮಾನವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಖಡಾಖಂಡಿತವಾಗಿ ನಿಷೇಧಿಸಿದೆ. ಊರು ಬಿಟ್ಟು ಬಂದವರು ತಮ್ಮೂರಿನ ಠಾಣೆಗೇ ಹೋಗಬೇಕೆಂದೇನೂ ಇಲ್ಲ. ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು ಝೀರೋ ಎಫ್‌ಐಆರ್ ಮಾಡಿ ಮುಂದಕ್ಕೆ ಕಳಿಸಬೇಕು. ನೆರೆಯ ಕಾಲಕ್ಕೆ ಇದಕ್ಕಿಂತ ಉಪಯೋಗದ ಸೌಲಭ್ಯ ಬೇರೆ ಇಲ್ಲ. ಆದರೆ ಕಾಳಜಿ ಕೇಂದ್ರದ ಬಂದೋಬಸ್ತಿಗೆ ಬರುವ ಹೋಂಗಾರ್ಡ್‌ಗೆ, ಊಟದ ಉಸ್ತುವಾರಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪಿಡಿಒಗೆ ಇದು ಗೊತ್ತಿದೆಯಾ? ಒಂದು ಮಧ್ಯಾಹ್ನದ ತರಬೇತಿ ಸಾಕು.

ಇನ್ನೊಂದು ಸಂಗತಿ ಇದೆ. ಬರೆಯಲು ಕಷ್ಟ, ಆದರೂ ಬರೆಯುತ್ತೇನೆ. ನೀರು ಇಳಿದ ಮೇಲೆ ಪಟ್ಟಿ ಬರೆಯುವ ಕಾಲ ಬರುತ್ತದೆ. ಯಾರ ಮನೆ ಪೂರ್ತಿ ಬಿದ್ದಿದೆ, ಯಾರದು ಅರ್ಧ, ಯಾರಿಗೆ ಕಿಟ್, ಯಾರಿಗೆ ತಗಡಿನ ಶೆಡ್. ಆಗ ಪಟ್ಟಿ ಬರೆಯುವವನ ಕೈಯಲ್ಲಿ, ಅವನ ಜತೆ ಓಡಾಡುವ ಊರ ಪುಢಾರಿಯ ಕೈಯಲ್ಲಿ ಎಲ್ಲ ಇರುತ್ತದೆ. ಗಂಡ ಸತ್ತವಳು, ಗಂಡ ಬಿಟ್ಟವಳು, ಮಾಜಿ ದೇವದಾಸಿ, ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋದವನ ಹೆಂಡತಿ, ಇವರ ಹೆಸರಲ್ಲಿ ಮನೆ, ಜಾಗದ ಉತಾರ ಇರುವುದಿಲ್ಲ, ಪರವಾಗಿ ಮಾತಾಡುವವರೂ ಇರುವುದಿಲ್ಲ. ಒಬ್ಬಾಕೆ ನನಗೆ ಹೇಳಿದ್ದು: ‘ಹೆಸರ ಸೇರಸ್ತೀನಿ, ಸಂಜೀಕ ಒಬ್ಬಾಕೀನ ಬಾ ಅಂತಾನ್ರಿ.’ ಆಕೆ ಹೋಗಲಿಲ್ಲ. ಆಕೆಯ ಹೆಸರೂ ಮೊದಲ ಪಟ್ಟಿಯಲ್ಲಿ ಬರಲಿಲ್ಲ. ಹೊಟ್ಟೆಗೆ ಹಿಟ್ಟು ಕೊಡುವ ನೆಪದಲ್ಲಿ ಮೈ ಕೇಳುವುದೂ ದೌರ್ಜನ್ಯವೇ. ಕತ್ತಲಲ್ಲಿ ಎಳೆದವನಿಗಿಂತ ಇವನೇನು ಕಡಿಮೆ? ಪಟ್ಟಿ ಬರೆಯುವಾಗ ಒಬ್ಬ ಹೆಣ್ಣುಮಗಳು ಜತೆಗಿರಬೇಕು. ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಹಚ್ಚಬೇಕು. ದೂರನ್ನು ಅದೇ ಊರಿನ, ಅದೇ ಕಚೇರಿಯ ಮನುಷ್ಯನಿಗೆ ಕೊಡುವ ಹಾಗೆ ಇರಬಾರದು. ಹೊರಗಿನವರಿಗೆ ಕೊಡುವಂತಿರಬೇಕು.

ದುಡ್ಡು ಬಂದ ಮೇಲೆ ಮನೆಯೊಳಗಿನ ಹೊಡೆತ ಶುರು. 2019ರಲ್ಲಿ ಪ್ರತಿ ಕುಟುಂಬಕ್ಕೆ ತುರ್ತು ಪರಿಹಾರ ಎಂದು ₹10,000 ಕೊಟ್ಟರು. ಒಳ್ಳೆಯ ಕೆಲಸ. ಆದರೆ ನಾನು ನೋಡಿದ ಮನೆಗಳಲ್ಲಿ ಅದು ಗಂಡಸಿನ ಖಾತೆಗೇ ಬಂತು. ಕೆಲವು ಮನೆಗಳಲ್ಲಿ ಪಾತ್ರೆ, ಅಕ್ಕಿ, ಮಕ್ಕಳ ಪುಸ್ತಕ ಬಂದವು. ಕೆಲವು ಮನೆಗಳಲ್ಲಿ ಮದ್ಯದ ಅಂಗಡಿಗೆ ಹೋಯಿತು. ಕೇಳಿದವಳ ಬೆನ್ನ ಮೇಲೆ ಬಾಸುಂಡೆ ಬಂತು. ತಗಡಿನ ಶೆಡ್‌ನಲ್ಲಿ ತಿಂಗಳುಗಟ್ಟಲೆ ಇದ್ದ ಕುಟುಂಬಗಳಿವೆ. ಒಂದು ಶೆಡ್‌ನಲ್ಲಿ ಹೊಡೆದರೆ ನಾಲ್ಕು ಶೆಡ್‌ಗೆ ಕೇಳುತ್ತದೆ. ಕೇಳಿದರೂ ಯಾರೂ ಬರುವುದಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಸಿಡಿಪಿಒ. ನೆರೆಯ ಹೊತ್ತಿನಲ್ಲಿ ಅವರನ್ನೇ ಊಟ, ಹಾಲಿನ ಪುಡಿ, ಕೇಂದ್ರದ ಉಸ್ತುವಾರಿಗೆ ಓಡಾಡಿಸುತ್ತಾರೆ. ರಕ್ಷಣೆ ಕೊಡಬೇಕಾದವರೇ ಸಿಗುವುದಿಲ್ಲ. ಆ ಹೊಣೆಯನ್ನು ಆ ದಿನಗಳ ಮಟ್ಟಿಗಾದರೂ ಇನ್ನೊಬ್ಬರಿಗೆ ವಹಿಸಿಕೊಡಬೇಕು. ಅದನ್ನು ಆದೇಶದಲ್ಲೇ ಬರೆಯಬೇಕು.

ನೆರೆ ಬಂದ ಮರುವರ್ಷ ಹೆಣ್ಣುಮಕ್ಕಳ ಮದುವೆ ಅವಸರದಲ್ಲಿ ಮುಗಿಸುವುದನ್ನೂ ಕಂಡಿದ್ದೇನೆ. ಶೆಡ್‌ನಲ್ಲಿ ದೊಡ್ಡ ಹುಡುಗಿಯನ್ನು ಹೇಗೆ ಇಟ್ಟುಕೊಳ್ಳುವುದು ಎಂಬ ಭಯ. ಆ ಭಯವನ್ನು ಸುಮ್ನೆ ಬೈದು ಓಡಿಸಲು ಆಗುವುದಿಲ್ಲ. ಶೆಡ್‌ಗೆ ಚಿಲಕ ಹಾಕಿಕೊಟ್ಟರೆ, ಶಾಲೆ ಬೇಗ ತೆರೆದರೆ ಅರ್ಧ ಭಯ ಹೋಗುತ್ತದೆ.

ಮಾಡಿ ತೋರಿಸಿದವರು ನಮ್ಮ ದೇಶದಲ್ಲೇ ಇದ್ದಾರೆ. 1999ರ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಮೇಲೆ ಅವರು ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡ ಕಟ್ಟಿದರು. ಕಟ್ಟಡ ನೋಡಿಕೊಳ್ಳಲು ಊರಿನವರದೇ ಸಮಿತಿ ಮಾಡಿದರು, ಹೆಂಗಸರಿಗೂ ತರಬೇತಿ ಕೊಟ್ಟರು, ವರ್ಷವರ್ಷ ಅಣಕು ಕಾರ್ಯಾಚರಣೆ ಮಾಡಿದರು. 2019ರ ಮೇ ತಿಂಗಳಲ್ಲಿ ಫೋನಿ ಚಂಡಮಾರುತ ಬಂದಾಗ ಹನ್ನೆರಡು ಲಕ್ಷದಷ್ಟು ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿದರು. ಅಲ್ಲಿ ಎಲ್ಲ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆಪತ್ತು ಬಂದ ದಿನ ಯಾರು ಏನು ಮಾಡಬೇಕು ಎಂಬುದು ಊರಿನವರಿಗೆ ಮೊದಲೇ ಗೊತ್ತಿರುವುದು ದೊಡ್ಡ ಮಾತು. ನಮ್ಮ ಮಲಪ್ರಭಾ, ಘಟಪ್ರಭಾ, ಕೃಷ್ಣಾ ದಂಡೆಯ ಯಾವ ಹಳ್ಳಿಗಳಿಗೆ ನೀರು ಬರುತ್ತದೆ ಎಂಬುದು ಕಂದಾಯ ಇಲಾಖೆಗೆ ಬಾಯಿಪಾಠ. ಯಾವ ಶಾಲೆಗೆ ಜನ ಹೋಗುತ್ತಾರೆ ಎಂಬುದೂ ಗೊತ್ತು. ಹಾಗಿದ್ದ ಮೇಲೆ ಆ ಶಾಲೆಯ ಶೌಚಾಲಯಕ್ಕೆ ಚಿಲಕ ಹಾಕಿಸಲು ನೀರು ಬರುವ ತನಕ ಯಾಕೆ ಕಾಯಬೇಕು?

‘ಮೊದಲು ಜೀವ ಉಳಿಸೋಣ, ಇದೆಲ್ಲ ಆಮೇಲೆ’ ಎನ್ನುವವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಉಳಿಸಿದ ಜೀವವನ್ನು ತಂದು ಕತ್ತಲ ಪಡಸಾಲೆಯಲ್ಲಿ ಕೈಬಿಟ್ಟರೆ ಅದು ಅರ್ಧ ಕೆಲಸ. ‘ನಮ್ಮ ಊರಲ್ಲಿ ಅಂಥದ್ದೆಲ್ಲ ಇಲ್ಲ, ಸುಮ್ನೆ ಊರಿನ ಮರ್ಯಾದೆ ತೆಗೆಯಬೇಡಿ’ ಎಂದು ಹಿರಿಯರು ಹೇಳುತ್ತಾರೆ. ಅವರಿಗೆ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯ ಹೆಂಗಸರನ್ನು ಒಂದು ಕಡೆ ಕೂರಿಸಿ, ನೀವು ಎದ್ದು ಹೊರಗೆ ಹೋಗಿ, ನಮ್ಮಂಥ ಒಬ್ಬಳು ಕೇಳಲು ಬಿಡಿ: ಆ ಶಾಲೆಯಲ್ಲಿ ಯಾವ ಮೂಲೆಗೆ ಹೋಗಲು ನಿಮಗೆ ಹೆದರಿಕೆ? ಎಲ್ಲರೂ ಒಂದೇ ಮೂಲೆಯನ್ನು ತೋರಿಸುತ್ತಾರೆ. ಮೊದಲ ದೀಪ ಅಲ್ಲಿ ಹಾಕಿಸಿ.

ಕೇಂದ್ರದ ಬಾಗಿಲಲ್ಲಿ ತುರ್ತು ಸಹಾಯಕ್ಕೆ 112, ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಎಂದು ದೊಡ್ಡದಾಗಿ ಬರೆಸಿ. ಜತೆಗೆ ಹೆಂಗಸರ ಕೋಣೆಯಲ್ಲೇ ಒಂದು ಚಾರ್ಜಿಂಗ್ ಪಾಯಿಂಟ್, ಎಲ್ಲರೂ ಬಳಸಬಹುದಾದ ಒಂದು ಮೊಬೈಲ್ ಇಡಿ. ಇಲ್ಲದಿದ್ದರೆ ಆ ನಂಬರು ಗೋಡೆಯ ಮೇಲಿನ ಬರಹವಷ್ಟೇ. ಹೊರಗಿನಿಂದ ಬರುವವರ ಹೆಸರು, ಗಾಡಿ ನಂಬರು ಬರೆಯಲು ಒಂದು ಪುಸ್ತಕ ಇರಲಿ. ದಾನಿಗಳು ಬೇಸರ ಮಾಡಿಕೊಳ್ಳುತ್ತಾರೆ ಎಂಬ ಅಂಜಿಕೆ ಬೇಡ, ಒಳ್ಳೆಯ ಮನಸ್ಸಿನಿಂದ ಬಂದವರು ಬರೆದೇ ಬರೆಯುತ್ತಾರೆ. ಪಡಸಾಲೆಯಲ್ಲಿ ಫೋಟೊ, ವಿಡಿಯೊ ಬೇಡ ಎಂದು ಬೋರ್ಡು ಹಾಕಿ. ಪ್ರತಿ ಕೇಂದ್ರಕ್ಕೆ ಒಬ್ಬ ಮಹಿಳಾ ಪೊಲೀಸ್ ಸಿಗದಿದ್ದರೆ ಸ್ತ್ರೀಶಕ್ತಿ ಸಂಘದ, ಸಂಜೀವಿನಿ ಒಕ್ಕೂಟದ ಗಟ್ಟಿ ಹೆಣ್ಣುಮಕ್ಕಳಿದ್ದಾರೆ. ಸಾಲದ ಲೆಕ್ಕವನ್ನು ಒಂದು ಪೈಸೆ ತಪ್ಪದೆ ಇಡುವವರು ಅವರು. ರಾತ್ರಿ ಪಾಳಿ ಹಾಕಿಕೊಂಡು ಕಾವಲು ಕಾಯುವುದು ಅವರಿಗೆ ಕಷ್ಟವಲ್ಲ. ಅವರಿಗೆ ಒಂದು ಗುರುತಿನ ಚೀಟಿ, ಟಾರ್ಚು, ಸೀಟಿ ಮತ್ತು ದಿನದ ಕೂಲಿ ಕೊಡಿ. ಕೂಲಿ ಎಂದು ಒತ್ತಿ ಹೇಳುತ್ತಿದ್ದೇನೆ. ಸೇವೆ ಎಂದು ಪುಕ್ಕಟೆ ಮಾಡಿಸಿಕೊಳ್ಳಬೇಡಿ.

ಹೆಣ್ಣುಮಗಳೊಬ್ಬಳು ಬಾಯಿಬಿಟ್ಟು ಹೇಳಿದಾಗ ಕೇಳುವವರಿಗೂ ಸ್ವಲ್ಪ ಕಲಿಸಬೇಕು. ‘ನೀನ್ಯಾಕೆ ಅಲ್ಲಿ ಮಲಗಿದ್ದಿ’ ಎಂದು ಕೇಳಬಾರದು. ನಾಲ್ಕು ಜನರ ಮುಂದೆ ಮತ್ತೆ ಮತ್ತೆ ಹೇಳಿಸಬಾರದು. ಮೈಕಿನಲ್ಲಿ ಅವಳ ಹೆಸರು ಕೂಗಿ ಕರೆಯಬಾರದು. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರ ಇದೆ, ಅಲ್ಲಿ ಚಿಕಿತ್ಸೆ, ಪೊಲೀಸ್, ವಕೀಲರು, ಉಳಿಯಲು ಜಾಗ ಒಂದೇ ಕಡೆ ಸಿಗಬೇಕು ಎಂಬುದೇ ಯೋಜನೆ. ಏನೇನು ಸಿಗುತ್ತದೆ ಎಂದು ಅವಳಿಗೆ ಹೇಳಬೇಕು. ಹೋಗುವುದು ಬಿಡುವುದು ಅವಳ ಇಷ್ಟ. ಹದಿನೆಂಟು ತುಂಬದ ಮಕ್ಕಳ ವಿಷಯ ಬೇರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಇದನ್ನೂ ಕೇಂದ್ರದ ಸಿಬ್ಬಂದಿಗೆ ಮೊದಲೇ ಹೇಳಿಕೊಡಬೇಕು.

ನಿಮ್ಮ ವರದಿಗಾರರಿಗೂ ಒಂದು ಕೋರಿಕೆ. ಈ ಸಲ ಪೂರ್ವಸಿದ್ಧತಾ ಸಭೆಗೆ ಹೋದಾಗ ಬೋಟಿನ ಲೆಕ್ಕದ ಜತೆ ಮೂರು ಪ್ರಶ್ನೆ ಕೇಳಿ. ಕಾಳಜಿ ಕೇಂದ್ರ ಎಂದು ಗುರುತಿಸಿದ ಶಾಲೆಗಳಲ್ಲಿ ಒಳಗಿನಿಂದ ಚಿಲಕ ಹಾಕಲು ಬರುವ ಶೌಚಾಲಯ ಎಷ್ಟು? 72 ಗಂಟೆಯ ಮಾತ್ರೆ ಹೊಳೆಯ ಎರಡೂ ದಂಡೆಯ ಯಾವ ಯಾವ ಆಸ್ಪತ್ರೆಯಲ್ಲಿದೆ? ಪ್ರತಿ ಕೇಂದ್ರದಲ್ಲಿ ಹೆಂಗಸರು ಹೋಗಿ ಹೇಳಿಕೊಳ್ಳಬೇಕಾದ ಹೆಂಗಸು ಯಾರು, ಅವರ ಫೋನ್ ನಂಬರು ಏನು? ಉತ್ತರ ಬಂದರೆ ಹಾಗೇ ಅಚ್ಚು ಹಾಕಿ. ಬರದಿದ್ದರೆ ಅದನ್ನೂ ಹಾಕಿ.

ನಮ್ಮ ಕಡೆ ಹೊಳೆ ತುಂಬುವುದು ಸಾಮಾನ್ಯವಾಗಿ ಜುಲೈ ಕೊನೆ, ಆಗಸ್ಟ್‌ನಲ್ಲಿ. ಇನ್ನೂ ಸಮಯ ಇದೆ. ನಾವು ಕೆಲವು ನಿವೃತ್ತ ಆರೋಗ್ಯ ಸಹಾಯಕಿಯರು, ಅಂಗನವಾಡಿ ಟೀಚರ್‌ಗಳು ಸೇರಿ ನದಿದಂಡೆಯ ಶಾಲೆಗಳನ್ನು ಸಂಜೆ ಹೊತ್ತಿನಲ್ಲಿ ನೋಡಿ ಬರಲು ತಯಾರಿದ್ದೇವೆ. ಆಯಾ ಊರಿನ ಹೆಂಗಸರನ್ನೂ ಜತೆಗೆ ಕರೆದುಕೊಳ್ಳುತ್ತೇವೆ. ಬಸ್ಸಿನ ಖರ್ಚು ನಮ್ಮದೇ. ತಹಶೀಲ್ದಾರರು ಒಂದು ಪತ್ರ ಕೊಟ್ಟು, ಶಾಲೆಗಳ ಕೀಲಿಕೈ ಇರುವವರು ಆ ಹೊತ್ತಿಗೆ ಅಲ್ಲಿರುವಂತೆ ಮಾಡಿದರೆ ಸಾಕು.

ಇಂತಿ,
ಒಬ್ಬ ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ
ಬಾದಾಮಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ